ಎರಡು ಕಾಫಿ ಸರಿ, ಎರಡು ಬ್ರೆಡ್ ತಪ್ಪು: ಇಂಗ್ಲಿಷಿನ ಊಟದ ಲೆಕ್ಕ

ಮುಂಬಯಿ, ಪುಣೆಯಂಥ ಮಹಾನಗರಗಳ ಕನ್ನಡಿಗರ ಮನೆಗಳಲ್ಲಿ ಇಂದು ಮೂರು ತಲೆಮಾರಿನವರು ಒಂದೇ ಮೇಜಿನ ಸುತ್ತ ಕುಳಿತು ತಿಂಡಿ ತಿನ್ನುವುದುಂಟು. ಹಿರಿಯರಲ್ಲಿ ಅನೇಕರು ಊರು ಬಿಟ್ಟು ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಯ ಬೆಂಚಿನ ಮೇಲೆ ಕುಳಿತು ನಾಲ್ಕಕ್ಷರ ಕಲಿತವರು. ಮೊಮ್ಮಕ್ಕಳು ಶಿಶುವಿಹಾರದಿಂದಲೇ ಇಂಗ್ಲಿಷ್ ಮಾಧ್ಯಮದವರು. ಅಜ್ಜ ಪ್ರೀತಿಯಿಂದ 'ಟೂ ಬ್ರೆಡ್ಸ್ ತಗೋ ಮಗಾ' ಎಂದರೆ ಮೊಮ್ಮಗಳು ನಕ್ಕು, 'ಅಜ್ಜಾ, ಟೂ ಬ್ರೆಡ್ಸ್ ಅಲ್ಲ, ಟೂ ಸ್ಲೈಸಸ್ ಆಫ್ ಬ್ರೆಡ್. ಬ್ರೆಡ್ ಅನ್‌ಕೌಂಟಬಲ್' ಎಂದು ತಿದ್ದುತ್ತಾಳೆ. ಮನೆಮಂದಿಯೆಲ್ಲ ನಗುತ್ತಾರೆ. ಅಜ್ಜನೂ ನಗುತ್ತಾರೆ. ಆದರೆ ಇಂಥ ನಗು ನಾಲ್ಕಾರು ಸಲ ಕೇಳಿಬಂದ ಮೇಲೆ ಮೊಮ್ಮಕ್ಕಳ ಎದುರು, ಅವರ ಗೆಳೆಯರ ಎದುರು ಹಿರಿಯರು ಇಂಗ್ಲಿಷಿನಲ್ಲಿ ಬಾಯಿ ತೆರೆಯುವುದನ್ನೇ ಬಿಡುತ್ತಾರೆ. ಮೊಮ್ಮಕ್ಕಳಿಗೆ ಕನ್ನಡ ಸರಿಯಾಗಿ ಬಾರದ ಮನೆಗಳಲ್ಲಿ ಅಲ್ಲಿಗೆ ಮಾತುಕತೆಯೇ ಕಡಿಮೆಯಾಗುತ್ತದೆ.

ಇದೇ ಅಜ್ಜ ಹಿಂದೊಮ್ಮೆ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದಾಗ ಅಡುಗೆಮನೆಯತ್ತ ಮುಖ ಮಾಡಿ 'ಎರಡು ಇಡ್ಲಿ, ಎರಡು ಕಾಫಿ' ಎಂದು ದಿನಕ್ಕೆ ನೂರು ಸಲ ಕೂಗಿದವರು. ಕಾಫಿಯೂ ಅನ್‌ಕೌಂಟಬಲ್ ಎಂದೇ ಮಕ್ಕಳ ವ್ಯಾಕರಣ ಪುಸ್ತಕಗಳು ಹೇಳುತ್ತವೆ. ಆ ಲೆಕ್ಕದಲ್ಲಿ 'ಎರಡು ಕಾಫಿ' ಎಂಬುದೂ ತಪ್ಪಾಗಬೇಕು. ಆದರೆ ಲಂಡನ್ನಿನ ಹೋಟೆಲಿನಲ್ಲಿ ಕುಳಿತ ಇಂಗ್ಲಿಷರವನೂ 'ಟೂ ಕಾಫೀಸ್, ಪ್ಲೀಸ್' ಎಂದೇ ಹೇಳುತ್ತಾನೆ. ಅದು ಶುದ್ಧ ಇಂಗ್ಲಿಷ್. ಎರಡು ಬ್ರೆಡ್ ಯಾಕೆ ಆಗದು, ಎರಡು ಕಾಫಿ ಯಾಕೆ ಆದೀತು? ಇದನ್ನು ತಿಳಿದುಕೊಂಡರೆ ಊಟದ ಮೇಜಿನ ಮೇಲೆ ನಗುವವರೂ ನಗೆಪಾಟಲಾಗುವವರೂ ಸಮಾನರಾಗುತ್ತಾರೆ.

ಎಣಿಸುವುದು ಮತ್ತು ಅಳೆಯುವುದು

ಇಂಗ್ಲಿಷ್ ವ್ಯಾಕರಣವು ನಾಮಪದಗಳನ್ನು ಎಣಿಸಬಹುದಾದವು, ಎಣಿಸಲಾಗದವು ಎಂದು ಎರಡಾಗಿ ವಿಂಗಡಿಸುತ್ತದೆ. ಒಂದೊಂದಾಗಿ ಬಿಡಿಸಿ ನೋಡುವಂಥವು ಮೊದಲ ಗುಂಪಿಗೆ ಸೇರುತ್ತವೆ: ಮೊಟ್ಟೆ, ಬಾಳೆಹಣ್ಣು, ಬಿಸ್ಕತ್ತು, ಸ್ಯಾಂಡ್‌ವಿಚ್. ಇವುಗಳ ಹಿಂದೆ 'ಎ' ಅಥವಾ 'ಆನ್' ಬರುತ್ತದೆ, ಒಂದಕ್ಕಿಂತ ಹೆಚ್ಚಾದರೆ ಕೊನೆಗೆ 'ಎಸ್' ಸೇರುತ್ತದೆ, ಪ್ರಶ್ನೆ 'ಹೌ ಮೆನಿ' ಎಂದಾಗುತ್ತದೆ. ರಾಶಿಯಾಗಿ, ದ್ರವವಾಗಿ, ಹಿಟ್ಟಾಗಿ ಕಾಣುವಂಥವು ಎರಡನೆಯ ಗುಂಪು: ಹಾಲು, ಅನ್ನ, ಬೆಣ್ಣೆ, ಉಪ್ಪು, ಸಕ್ಕರೆ. ಇವುಗಳಿಗೆ 'ಎ' ಇಲ್ಲ, 'ಎಸ್' ಇಲ್ಲ, ಪ್ರಶ್ನೆ 'ಹೌ ಮಚ್'. ಇವುಗಳನ್ನು ಎಣಿಸಲೇಬೇಕಾದರೆ ನಡುವೆ ಒಂದು ಅಳತೆ ಬೇಕು: ಎ ಗ್ಲಾಸ್ ಆಫ್ ಮಿಲ್ಕ್, ಟೂ ಸ್ಪೂನ್ಸ್ ಆಫ್ ಶುಗರ್, ಎ ಲೋಫ್ ಆಫ್ ಬ್ರೆಡ್.

ಈ ವಿಂಗಡಣೆಯನ್ನು ಸ್ಪಷ್ಟವಾಗಿ ವಿವರಿಸಿದವರಲ್ಲಿ ಪ್ರಮುಖರಾದ ಒಟ್ಟೊ ಯೆಸ್ಪರ್ಸನ್ ಇಂಗ್ಲಿಷರಲ್ಲ, ಡೆನ್ಮಾರ್ಕಿನವರು. 1924ರಲ್ಲಿ ಬಂದ 'ದಿ ಫಿಲಾಸಫಿ ಆಫ್ ಗ್ರಾಮರ್' ಗ್ರಂಥದಲ್ಲಿ ಅವರು ಎಣಿಸಲಾಗದ ಪದಗಳನ್ನು 'ಮಾಸ್ ವರ್ಡ್ಸ್' ಎಂದು ಕರೆದು ಚರ್ಚಿಸಿದ್ದಾರೆ. ನಿಘಂಟಿನಲ್ಲಿ ಪದದ ಪಕ್ಕ 'ಸಿ', 'ಯು' ಎಂಬ ಗುರುತು ಹಾಕುವ ಪದ್ಧತಿಯನ್ನು ಬಳಕೆಗೆ ತಂದವರಲ್ಲಿ ಎ. ಎಸ್. ಹಾರ್ನ್‌ಬಿ ಒಬ್ಬರು. ಅವರು ಇಂಗ್ಲಿಷರಾದರೂ ಆ ನಿಘಂಟನ್ನು ಸಿದ್ಧಪಡಿಸಿದ್ದು ಜಪಾನಿನಲ್ಲಿ, ಅಲ್ಲಿನ ವಿದ್ಯಾರ್ಥಿಗಳಿಗೆ ಕಲಿಸಿದ ಅನುಭವದಿಂದ. 1942ರಲ್ಲಿ ಟೋಕಿಯೊದಲ್ಲಿ ಮುದ್ರಣಗೊಂಡ ಅದೇ ನಿಘಂಟನ್ನು 1948ರಲ್ಲಿ ಆಕ್ಸ್‌ಫರ್ಡ್ ಪ್ರಕಟಿಸಿತು. ಇಂದು ಮಕ್ಕಳ ಶಾಲಾಚೀಲಗಳಲ್ಲಿ ಕಾಣುವ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ನಿಘಂಟಿನ ಮೂಲ ಅದು. ಇಂಗ್ಲಿಷ್ ತಾಯಿನುಡಿಯಾದವರಿಗೆ ಈ ಗುರುತುಗಳ ಅಗತ್ಯವಿರಲಿಲ್ಲ. ಪರಭಾಷಿಕರು ಎಡವಿದ ಕಡೆಯೇ ಈ ನಿಯಮ ಬೆಳಕಿಗೆ ಬಂತು ಎಂದರೆ ತಪ್ಪಾಗದು. 'ಟೂ ಬ್ರೆಡ್ಸ್' ಎಂದ ಅಜ್ಜ ಒಬ್ಬಂಟಿಯಲ್ಲ. ಜಗತ್ತಿನ ಅರ್ಧ ಜನ ಅವರ ಜೊತೆಗಿದ್ದಾರೆ.

ಎಲ್ಲದಕ್ಕೂ ಒಂದೇ 'ಎಷ್ಟು'

ಕನ್ನಡಿಗರು ಎಡವುವುದಕ್ಕೆ ಕಾರಣ ದಡ್ಡತನವಲ್ಲ, ಕನ್ನಡದ ಕ್ರಮವೇ ಬೇರೆ. ಅಂಗಡಿಯಲ್ಲಿ 'ಆರು ಮೊಟ್ಟೆ ಕೊಡಿ', 'ನಾಲ್ಕು ಬಾಳೆಹಣ್ಣು ಸಾಕು' ಎನ್ನುತ್ತೇವೆಯೇ ಹೊರತು 'ಆರು ಮೊಟ್ಟೆಗಳನ್ನು ಕೊಡಿ' ಎಂದರೆ ಅಂಗಡಿಯವನು ಮುಖ ನೋಡಿಯಾನು. ಮನುಷ್ಯರ ವಿಷಯದಲ್ಲಿ 'ಮೂವರು ಮಕ್ಕಳು' ಎಂದು ಬಹುವಚನ ಬೇಕೇ ಬೇಕು. ತಿನ್ನುವ ವಸ್ತುವಿಗೆ ಹಿಂದೆ ಸಂಖ್ಯೆ ಇದ್ದರೆ ಸಾಕು, 'ಗಳು' ಬೇಕಿಲ್ಲ. ಅದೇ ರೂಢಿಯಲ್ಲಿ 'ಸಿಕ್ಸ್ ಎಗ್' ಎಂಬ ಮಾತು ಬಾಯಿಗೆ ಬರುತ್ತದೆ.

ಇನ್ನೊಂದು ಕಾರಣ 'ಎಷ್ಟು' ಎಂಬ ಪದ. ಬಡಿಸುವವರು 'ಎಷ್ಟು ಇಡ್ಲಿ ಹಾಕಲಿ?' ಎಂದೂ ಕೇಳುತ್ತಾರೆ, 'ಎಷ್ಟು ಸಾಂಬಾರು ಹಾಕಲಿ?' ಎಂದೂ ಕೇಳುತ್ತಾರೆ. ಒಂದು ಎಣಿಕೆ, ಇನ್ನೊಂದು ಅಳತೆ, ಪದ ಒಂದೇ. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ 'ಹೌ ಮೆನಿ', ಎರಡನೆಯದಕ್ಕೆ 'ಹೌ ಮಚ್'. 'ಕಡಿಮೆ' ಎಂಬ ಒಂದು ಪದಕ್ಕೂ ಅಲ್ಲಿ 'ಫ್ಯೂವರ್', 'ಲೆಸ್' ಎಂದು ಎರಡು ದಾರಿ. ಹಾಗೆಂದು ಈ ಭೇದವೇ ಕನ್ನಡಕ್ಕೆ ಗೊತ್ತಿಲ್ಲ ಎನ್ನುವಂತಿಲ್ಲ. 'ಕೆಲವು ಹಣ್ಣು' ಎನ್ನಬಹುದು, 'ಕೆಲವು ಹಾಲು' ಎಂದು ಯಾರೂ ಹೇಳರು. 'ಅನ್ನಗಳು', 'ಮಜ್ಜಿಗೆಗಳು' ಎಂದರೆ ಮಕ್ಕಳೂ ನಗುತ್ತಾರೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೂ ಎಣಿಸುವ ವಸ್ತು ಯಾವುದು, ಅಳೆಯುವ ವಸ್ತು ಯಾವುದು ಎಂಬ ವ್ಯಾಕರಣ ಬಾಯಲ್ಲೇ ಇದೆ.

ಅಳತೆಯ ಪದಗಳಲ್ಲಂತೂ ಕನ್ನಡ ಬಡವಾಗಿಲ್ಲ. ಚಿಟಿಕೆ ಉಪ್ಪು, ಹಿಡಿ ಅಕ್ಕಿ, ಎಸಳು ಬೆಳ್ಳುಳ್ಳಿ, ಹೋಳು ತೆಂಗಿನಕಾಯಿ, ತುತ್ತು ಅನ್ನ, ಅಚ್ಚು ಬೆಲ್ಲ, ಕಂತೆ ಸೊಪ್ಪು, ಗೊನೆ ಬಾಳೆ. ಒಂದೊಂದು ವಸ್ತುವಿಗೆ ಒಂದೊಂದು. ಕರಾವಳಿಯ ಹಿರಿಯರಿಗೆ ಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಮುಡಿ ಇನ್ನೂ ನೆನಪಿದೆ. ಇಂಗ್ಲಿಷಿನ ಎ ಪಿಂಚ್ ಆಫ್ ಸಾಲ್ಟ್, ಎ ಕ್ಲೋವ್ ಆಫ್ ಗಾರ್ಲಿಕ್, ಎ ಬಂಚ್ ಆಫ್ ಗ್ರೇಪ್ಸ್ ಇವೇ ಕೆಲಸವನ್ನು ಮಾಡುತ್ತವೆ. 'ಆಫ್' ಎಂಬ ಕೊಂಡಿಯೊಂದನ್ನು ಸೇರಿಸಿಕೊಂಡರೆ ಮುಗಿಯಿತು.

ಈರುಳ್ಳಿಗೊಂದು, ಬೆಳ್ಳುಳ್ಳಿಗೊಂದು ನ್ಯಾಯ

ಆದರೆ ಇಂಗ್ಲಿಷಿನಲ್ಲಿ ಯಾವ ವಸ್ತು ಯಾವ ಗುಂಪಿಗೆ ಸೇರುತ್ತದೆ ಎಂಬುದನ್ನು ತರ್ಕದಿಂದ ಮಾತ್ರ ಕಂಡುಹಿಡಿಯಲು ಬಾರದು. ಅಡುಗೆಮನೆಯ ಒಂದೇ ಬುಟ್ಟಿಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಎರಡೂ ಇರುತ್ತವೆ. ಇಂಗ್ಲಿಷಿನಲ್ಲಿ ಈರುಳ್ಳಿಯನ್ನು ಎಣಿಸಬಹುದು, ಟೂ ಆನಿಯನ್ಸ್. ಬೆಳ್ಳುಳ್ಳಿಯನ್ನು ಎಣಿಸುವಂತಿಲ್ಲ, ಇಡೀ ಗಡ್ಡೆಯಾದರೆ 'ಬಲ್ಬ್', ಒಂದು ಎಸಳಾದರೆ 'ಕ್ಲೋವ್' ಎನ್ನಬೇಕು. ಓಟ್ಸ್ ಸದಾ ಬಹುವಚನ, ಗೋಧಿ ಅಂದರೆ ವೀಟ್ ಸದಾ ಏಕವಚನ. ಬಟಾಣಿ, ಬೀನ್ಸ್ ಎಣಿಸಬಹುದಾದವು. ಅಕ್ಕಿಯ ಕಾಳೂ ಕಣ್ಣಿಗೆ ಕಾಣುವಂಥದೇ ಆದರೂ ರೈಸ್ ಎಣಿಸಲಾಗದ್ದು. ನೂಡಲ್ಸ್ ಬಹುವಚನ, ಅದರಂತೆಯೇ ಎಳೆ ಎಳೆಯಾಗಿರುವ ಸ್ಪಗೆಟಿ ಏಕವಚನ. ತಮಾಷೆಯೆಂದರೆ ಮೂಲ ಇಟಾಲಿಯನ್ ಭಾಷೆಯಲ್ಲಿ ಸ್ಪಗೆಟಿ ಎಂಬುದೇ ಬಹುವಚನ ರೂಪ.

ಹಣ್ಣು-ತರಕಾರಿಯ ವಿಷಯದಲ್ಲಿ ಇಂಗ್ಲಿಷ್ ಮತ್ತು ಕನ್ನಡ ಎದುರುಬದುರು ನಿಂತಿವೆ. ಕನ್ನಡದಲ್ಲಿ 'ಎರಡು ಹಣ್ಣು' ಸಹಜ, 'ಎರಡು ತರಕಾರಿ' ಎಂದರೆ ಎರಡು ಬಗೆ ಎಂದಾದೀತು. ಇಂಗ್ಲಿಷಿನಲ್ಲಿ 'ವೆಜಿಟೆಬಲ್ಸ್' ಎಂದು ಬಹುವಚನ, 'ಫ್ರೂಟ್' ಮಾತ್ರ ಸಾಮಾನ್ಯವಾಗಿ ಎಣಿಸಲಾಗದ ಪದ; 'ಈಟ್ ಮೋರ್ ಫ್ರೂಟ್' ಎಂಬುದೇ ವಾಡಿಕೆ. 'ಫ್ರೂಟ್ಸ್' ಎಂದರೆ ಬಗೆಬಗೆಯ ಹಣ್ಣುಗಳು ಎಂಬ ಅರ್ಥಕ್ಕೆ ಒಲಿಯುತ್ತದೆ. ಭಾರತದಲ್ಲಿ 'ಫ್ರೂಟ್ಸ್' ಎಂದು ಧಾರಾಳವಾಗಿ ಬಳಸುವುದರ ಹಿಂದೆ ದೇಶಭಾಷೆಗಳ ಈ ರೂಢಿಯೂ ಇರಬಹುದು.

ಬ್ರೆಡ್ಡಿನ ಕಥೆ ಇನ್ನೂ ಸ್ವಾರಸ್ಯಕರ. ಹಳೆಯ ಇಂಗ್ಲಿಷಿನಲ್ಲಿ ರೊಟ್ಟಿಗೆ ಇದ್ದ ಪದ 'ಹ್ಲಾಫ್'. ಇಂದಿನ 'ಲೋಫ್' ಅದರಿಂದ ಬಂದದ್ದು. ಮನೆಯ ರೊಟ್ಟಿಯನ್ನು ಕಾಯುವವನು 'ಹ್ಲಾಫ್‌ವೇರ್ಡ್'; ಆ ಪದವೇ ಸವೆದು 'ಲಾರ್ಡ್' ಆಯಿತು. ಕನ್ನಡದಲ್ಲಿ ಒಡೆಯನನ್ನು ಅನ್ನದಾತ ಎಂದು ಕರೆದಂತೆಯೇ ಇದು. ಕಾಲಕ್ರಮದಲ್ಲಿ ಎಣಿಸುವ ಕೆಲಸ ಲೋಫ್ ಪಾಲಿಗೆ ಬಂತು, ಬ್ರೆಡ್ ರಾಶಿಯ ಪದವಾಗಿ ಉಳಿಯಿತು. ಮುಂಬಯಿಯ ಪಾವ್ ಎಂಬ ಪದ ಬಂದದ್ದು ಪೋರ್ಚುಗೀಸರಿಂದ. ಬಿಡಿ ಬಿಡಿಯಾಗಿ ಮುರಿದು ಮಾರುವ ಅದನ್ನು ಎಣಿಸಲು ಯಾವ ಅಡ್ಡಿಯೂ ಇಲ್ಲ. ವಡಾಪಾವ್ ಗಾಡಿಯ ಮುಂದೆ ನಿಂತು 'ಎರಡು ಪಾವ್ ಜಾಸ್ತಿ ಕೊಡಿ' ಎನ್ನುವವರ ಬಾಯಿಗೆ 'ಎರಡು ಬ್ರೆಡ್' ಕೂಡ ಬಂದರೆ ಆಶ್ಚರ್ಯವೇನು?

ಅರೆದರೆ ಎಣಿಕೆ ಮಾಯ, ಕಪ್ಪಿಗೆ ಸುರಿದರೆ ಮರಳಿ ಎಣಿಕೆ

ಹೆಚ್ಚಿನ ಆಹಾರ ಪದಗಳು ಖಾಯಂ ಆಗಿ ಒಂದೇ ಗುಂಪಿನಲ್ಲಿ ಕುಳಿತಿರುವುದಿಲ್ಲ ಎಂಬುದು ಮಕ್ಕಳ ಪುಸ್ತಕಗಳು ಕೆಲವೊಮ್ಮೆ ಬಿಟ್ಟುಬಿಡುವ ಸಂಗತಿ. ಇಡೀ ತೆಂಗಿನಕಾಯಿ 'ಎ ಕೋಕೊನಟ್'. ತುರಿದಾಗ 'ಸಮ್ ಕೋಕೊನಟ್'. ಹುಟ್ಟುಹಬ್ಬಕ್ಕೆ ಬೇಕರಿಯಿಂದ ತರುವುದು 'ಎ ಕೇಕ್'. ಕತ್ತರಿಸಿ ತಟ್ಟೆಗೆ ಹಾಕಿದ ಮೇಲೆ ಅದು 'ಸಮ್ ಕೇಕ್'. 1975ರಲ್ಲಿ ಫ್ರಾನ್ಸಿಸ್ ಜೆಫ್ರಿ ಪೆಲ್ಲೆಟಿಯರ್ ಎಂಬ ವಿದ್ವಾಂಸರು ತಮ್ಮ ಪ್ರಬಂಧವೊಂದರಲ್ಲಿ ಇದನ್ನು ವಿವರಿಸಲು 'ಯೂನಿವರ್ಸಲ್ ಗ್ರೈಂಡರ್' ಎಂಬ ಕಲ್ಪನೆಯನ್ನು ಮುಂದಿಟ್ಟರು. ಎಣಿಸಬಹುದಾದ ಯಾವುದೇ ವಸ್ತುವನ್ನು ಆ ಗ್ರೈಂಡರಿಗೆ ಹಾಕಿದರೆ ಇನ್ನೊಂದು ಬದಿಯಿಂದ ಎಣಿಸಲಾಗದ ಮುದ್ದೆ ಹೊರಬರುತ್ತದೆ! ಹೋಟೆಲಿನ ರುಬ್ಬುಗಲ್ಲಿನ ಪಕ್ಕ ಬದುಕು ಕಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಭೇದ ತಪ್ಪಿದರೆ ಕೆಲವೆಡೆ ಅರ್ಥವೇ ಕೆಡುತ್ತದೆ. 'ಐ ಏಟ್ ಚಿಕನ್' ಎಂದರೆ ಕೋಳಿ ಪದಾರ್ಥ ತಿಂದೆ ಎಂದಷ್ಟೇ. ನಡುವೆ 'ಎ' ಸೇರಿಸಿದರೆ ಇಡೀ ಒಂದು ಕೋಳಿಯನ್ನೇ ಮುಗಿಸಿದಂತೆ ಕೇಳುತ್ತದೆ. 'ಐ ಲೈಕ್ ಡಾಗ್ಸ್' ಎಂದರೆ ನಾಯಿಗಳ ಮೇಲಿನ ಪ್ರೀತಿ. ಕೊನೆಯ 'ಎಸ್' ಬಿಟ್ಟುಹೋದರೆ ನಾಯಿಮಾಂಸದ ಮೇಲಿನ ಪ್ರೀತಿ ಎಂದಾದೀತು. ವಿದೇಶ ಪ್ರವಾಸಕ್ಕೆ ಹೋದ ಸಸ್ಯಾಹಾರಿಗಳಿಗೂ ಇದು ಉಪಯುಕ್ತ. ಕೇಕಿನಲ್ಲಿ ಮೊಟ್ಟೆಯ ಅಂಶ ಇದೆಯೇ ಎಂದು ಕೇಳುವಾಗ 'ಈಸ್ ದೇರ್ ಎನಿ ಎಗ್ ಇನ್ ಇಟ್' ಎನ್ನುವುದೇ ಸರಿ. ಅಲ್ಲಿ ಮೊಟ್ಟೆ ಎಣಿಕೆಯ ವಸ್ತುವಲ್ಲ, ಬೆರೆತುಹೋದ ಪದಾರ್ಥ. ಹಸು, ಕುರಿಗಳಿಗೆ ಮಾತ್ರ ಈ ಗೊಂದಲವಿಲ್ಲ. 1066ರ ನಾರ್ಮನ್ ವಿಜಯದ ನಂತರ ಫ್ರೆಂಚಿನಿಂದ ಬಂದ ಬೀಫ್, ಮಟನ್ ಪದಗಳು ಮಾಂಸಕ್ಕೆ ನಿಂತವು, ಹಳೆಯ ಇಂಗ್ಲಿಷ್ ಹೆಸರುಗಳು ಪ್ರಾಣಿಗಳಿಗೆ ಉಳಿದವು.

ಗ್ರೈಂಡರಿನ ಕೆಲಸ ಹಿಮ್ಮುಖವಾಗಿಯೂ ನಡೆಯುತ್ತದೆ. ಎಣಿಸಲಾಗದ ಕಾಫಿಯನ್ನು ಕಪ್ಪಿಗೆ ಸುರಿದು ಗಿರಾಕಿಯ ಮುಂದಿಟ್ಟರೆ ಅದು ಎಣಿಕೆಗೆ ಸಿಗುತ್ತದೆ. ಟೂ ಕಾಫೀಸ್, ತ್ರೀ ಟೀಸ್, ಟೂ ಲಸ್ಸೀಸ್ ಎಲ್ಲವೂ ಸರಿ. ಚಹಕ್ಕೆ ಎರಡು ಚಮಚ ಸಕ್ಕರೆ ಬೇಕಾದಾಗ ಇಂಗ್ಲಿಷರು 'ಟೂ ಶುಗರ್ಸ್' ಎನ್ನುತ್ತಾರೆ. ಕಾರಣ ಸ್ಪಷ್ಟ: ಎಲ್ಲರಿಗೂ ಗೊತ್ತಿರುವ ಒಂದು ಅಳತೆ ಇದ್ದಲ್ಲಿ ಅದರ ಹೆಸರನ್ನು ಮತ್ತೆ ಮತ್ತೆ ಹೇಳಬೇಕಿಲ್ಲ. ಮುಂಬಯಿಯ ಹೋಟೆಲಿನಲ್ಲಿ 'ಏಕ್ ಕಟಿಂಗ್' ಎಂದರೆ, ಬೆಂಗಳೂರಿನಲ್ಲಿ 'ಬೈ ಟು ಕಾಫಿ' ಎಂದರೆ ಎಷ್ಟು ಬರುತ್ತದೆ ಎಂದು ಕುಡಿಯುವವನಿಗೂ ಗೊತ್ತು, ಕೊಡುವವನಿಗೂ ಗೊತ್ತು. ಬ್ರೆಡ್ಡಿಗೆ ಇಂಥ ಒಂದೇ ಅಳತೆ ಇಲ್ಲ. ಎರಡು ಎಂದರೆ ಎರಡು ಹೋಳೋ ಎರಡು ಇಡೀ ಲೋಫೋ ಎಂಬ ಸಂಶಯ ಉಳಿಯುತ್ತದೆ. ಆದರೆ ಬಗೆಗಳನ್ನು ಹೇಳುವಾಗ 'ಬ್ರೆಡ್ಸ್' ಕೂಡ ಸರಿಯೇ. ಮೆನು ಕಾರ್ಡಿನಲ್ಲಿ ರೋಟಿ, ನಾನ್, ಕುಲ್ಚಾಗಳ ಮೇಲೆ 'ಇಂಡಿಯನ್ ಬ್ರೆಡ್ಸ್' ಎಂದು ಅಚ್ಚಾಗಿದ್ದರೆ ಅದನ್ನು ತಿದ್ದಲು ಹೋಗಬೇಕಾಗಿಲ್ಲ.

ತಪ್ಪೇ ನಾಳೆಯ ಸರಿ

ಇಂಗ್ಲಿಷರು ಈ ಲೆಕ್ಕದಲ್ಲಿ ಎಂದೂ ಎಡವಿಲ್ಲವೇ? ಅವರ ತಪ್ಪುಗಳೇ ಇಂದು ನಿಘಂಟಿನಲ್ಲಿವೆ. ಬಟಾಣಿಗೆ ಹಿಂದೆ ಇದ್ದ ಪದ 'ಪೀಸ್', ಅದು ಏಕವಚನ. ಕೊನೆಯ ಸದ್ದು ಬಹುವಚನದ 'ಎಸ್' ಇರಬೇಕೆಂದು ಜನ ತಪ್ಪಾಗಿ ತಿಳಿದು ಅದನ್ನು ಕಳಚಿಹಾಕಿ 'ಪೀ' ಎಂಬ ಹೊಸ ಏಕವಚನವನ್ನು ಹುಟ್ಟಿಸಿದರು. ಹಳೆಯ ರೂಪ 'ಪೀಸ್ ಪುಡ್ಡಿಂಗ್' ಎಂಬ ಖಾದ್ಯದ ಹೆಸರಿನಲ್ಲಿ ಇನ್ನೂ ಉಳಿದಿದೆ. ಫ್ರೆಂಚ್ ಮೂಲದ 'ಚೆರೀಸ್' ಎಂಬ ಹಣ್ಣಿನ ಹೆಸರಿಗೂ ಇದೇ ಗತಿಯಾಗಿ 'ಚೆರಿ' ಉಳಿಯಿತು.

ಫ್ಯೂವರ್, ಲೆಸ್ ವಿಷಯದಲ್ಲಂತೂ ಅವರಲ್ಲಿ ಜಗಳ ಇನ್ನೂ ಮುಗಿದಿಲ್ಲ. ಎಣಿಸಬಹುದಾದವುಗಳಿಗೆ 'ಫ್ಯೂವರ್' ಚೆನ್ನ ಎಂದು 1770ರಲ್ಲಿ ರಾಬರ್ಟ್ ಬೇಕರ್ ಎಂಬ ಲೇಖಕ ತನ್ನ ಅಭಿಪ್ರಾಯವಾಗಿ ಬರೆದದ್ದು ಮುಂದೆ ಶಾಲಾ ನಿಯಮವಾಗಿ ಬೆಳೆಯಿತು. ಬ್ರಿಟನ್ನಿನ ಟೆಸ್ಕೊ ಮಳಿಗೆಗಳ ಬಿಲ್ಲಿಂಗ್ ಕೌಂಟರಿನಲ್ಲಿ 'ಟೆನ್ ಐಟಮ್ಸ್ ಆರ್ ಲೆಸ್' ಎಂಬ ಫಲಕ ನೋಡಿ ವ್ಯಾಕರಣಪ್ರಿಯರು ಆಕ್ಷೇಪಿಸುತ್ತಿದ್ದರು. 2008ರಲ್ಲಿ ಆ ಸಂಸ್ಥೆ ಎರಡೂ ಪದಗಳ ಗೊಡವೆ ಬೇಡವೆಂದು 'ಅಪ್ ಟು ಟೆನ್ ಐಟಮ್ಸ್' ಎಂದು ಬದಲಿಸಿತು.

ಎಲ್ಲಿ ಎಚ್ಚರ ಬೇಕು

ಇಷ್ಟು ಹೇಳಿದ ಮಾತ್ರಕ್ಕೆ ನಿಯಮ ಬೇಡವೆಂದಲ್ಲ. ಉದ್ಯೋಗಕ್ಕೋ ಉನ್ನತ ಶಿಕ್ಷಣಕ್ಕೋ ವಿದೇಶಕ್ಕೆ ಹೊರಟ ಯುವಕ ಯುವತಿಯರು ಐಇಎಲ್‌ಟಿಎಸ್ ಪರೀಕ್ಷೆ ಬರೆಯುತ್ತಾರೆ. ಅದರ ಬರವಣಿಗೆ ವಿಭಾಗದ ನಾಲ್ಕು ಮಾನದಂಡಗಳಲ್ಲಿ ವ್ಯಾಕರಣವೂ ಒಂದು; ನಾಲ್ಕಕ್ಕೂ ಸಮಾನ ತೂಕ. ಮೀನಿನ ಬಳಕೆ, ಅಕ್ಕಿಯ ಬಳಕೆ ಎಂದು ನಕ್ಷೆ ವಿವರಿಸುವಾಗ ಎಣಿಸಲಾಗದ್ದಕ್ಕೆ 'ಅಮೌಂಟ್ ಆಫ್', ಎಣಿಸಬಹುದಾದ್ದಕ್ಕೆ 'ನಂಬರ್ ಆಫ್' ಎಂದು ಬರೆಯಲು ತಿಳಿದಿರಬೇಕು. ಅಂಥವರು ಹೊಸ ಪದ ಕಲಿಯುವಾಗಲೇ ನಿಘಂಟಿನ 'ಸಿ', 'ಯು' ಗುರುತನ್ನೂ ನೋಡಿಕೊಳ್ಳುವುದು ಒಳ್ಳೆಯದು. ಎರಡೂ ಗುರುತು ಇದ್ದರೆ ಎರಡೂ ಅರ್ಥಗಳ ಉದಾಹರಣೆ ಓದಬೇಕು.

ಮನೆಯ ಮಾತಿಗೆ ಅಷ್ಟು ಬಿಗಿ ಬೇಕಿಲ್ಲ. ನೆನಪಿಡಲು ಸುಲಭವಾದ ದಾರಿಯೊಂದಿದೆ. ಇಡೀ ವಸ್ತುವಾಗಿ ಕೈಗೆ ಸಿಗುವುದಾದರೆ ಎಣಿಸಿ ನೋಡುವುದು. ಚಮಚ, ಸೌಟು, ಚಾಕು ಬೇಕಾದರೆ ಅಳತೆಯ ಪದ ಸೇರಿಸುವುದು. ಹೋಟೆಲಿನಲ್ಲಿ ಆರ್ಡರ್ ಕೊಡುವಾಗ ಧೈರ್ಯವಾಗಿ ಎಣಿಸುವುದು. ಇಡ್ಲಿ, ದೋಸೆ ಈಗ ಇಂಗ್ಲಿಷ್ ನಿಘಂಟುಗಳಲ್ಲೂ ಸೇರಿವೆ. ಟೂ ಇಡ್ಲೀಸ್, ತ್ರೀ ದೋಸಾಸ್ ಎಂದು ಎಣಿಸಿಕೊಳ್ಳುತ್ತಿವೆ. ಸಾಂಬಾರು ಮಾತ್ರ ಅಲ್ಲೂ ಸೌಟಿನಲ್ಲೇ ಇದೆ.

ಮಹಾನಗರಗಳ ಕನ್ನಡ ಸಂಘಗಳು ಮಕ್ಕಳಿಗೆ ಕನ್ನಡ ಕಲಿಸುವ ತರಗತಿ, ಹಿರಿಯರ ಕೂಟ ಎರಡನ್ನೂ ಬೇರೆ ಬೇರೆಯಾಗಿ ನಡೆಸುವುದುಂಟು. ಒಂದು ಭಾನುವಾರ ಇಬ್ಬರನ್ನೂ ಒಂದೇ ತಿಂಡಿಯ ಮೇಜಿನ ಮುಂದೆ ಕೂರಿಸಿದರೆ ಎರಡೂ ಭಾಷೆಗಳ ಪಾಠ ಒಟ್ಟಿಗೆ ನಡೆದೀತು. ಮೊಮ್ಮಗಳು ಅಜ್ಜನಿಗೆ 'ಸ್ಲೈಸ್ ಆಫ್ ಬ್ರೆಡ್' ಹೇಳಿಕೊಡಲಿ. ಅದು ಸರಿಯಾದ ಇಂಗ್ಲಿಷ್, ಕಲಿಯುವುದರಲ್ಲಿ ಅವಮಾನವಿಲ್ಲ. ಬಳಿಕ ಅಜ್ಜ ತಟ್ಟೆಯ ಅಂಚಿಗೆ ಅಂಟಿದ ಒಂದೇ ಒಂದು ಅನ್ನದ ಕಾಳನ್ನು ತೋರಿಸಿ, 'ಇದಕ್ಕೆ ನಿಮ್ಮ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಮಗಾ?' ಎಂದು ಕೇಳಲಿ. ಆಕೆ 'ಎ ಗ್ರೇನ್ ಆಫ್ ಕುಕ್ಡ್ ರೈಸ್' ಎಂದು ಐದು ಪದ ಸೇರಿಸಿ ಹೇಳಬೇಕಾಗುತ್ತದೆ. ಕನ್ನಡಕ್ಕೆ ಒಂದೇ ಪದ ಸಾಕು, ಅಗುಳು. ಅದನ್ನು ಆಕೆಗೆ ಕಲಿಸಬೇಕಾದವರು ಅಜ್ಜನೇ.